ಲೋಳಸೂರ ಸೇತುವೆಯ ಮೇಲೆ ಇಳಿಯುವ ಗಾಜು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ದೆವ್ವ, ಗಾಳಿ, ಶಕುನ ಇವುಗಳನ್ನು ನಂಬಿದವನಲ್ಲ ನಾನು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಬೇಕಂತಲೇ ಅಮಾವಾಸ್ಯೆಯ ದಿನ ಹೊಸ ಚಪ್ಪಲಿ ಮೆಟ್ಟಿಕೊಂಡು ಶಾಲೆಗೆ ಹೋಗುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ "ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ" ಎಂದು ನಗುತ್ತಿದ್ದರು, ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಈಗ ನಾನು ಹೇಳಲಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಎದ್ದು ನಿಂತು ಹತ್ತು ಪ್ರಶ್ನೆ ಕೇಳುತ್ತಿದ್ದೆ. ಆ ಹತ್ತನ್ನೂ ನನಗೆ ನಾನೇ ಕೇಳಿಕೊಂಡಾಗಿದೆ. ನಿಮಗೆ ಹನ್ನೊಂದನೆಯದು ಹೊಳೆದರೆ ದಯವಿಟ್ಟು ತಿಳಿಸಿ.

ನಾಲ್ಕು ವರ್ಷದ ಹಿಂದೆ ನನ್ನ ಹೆಂಡತಿ ಮಹಾದೇವಿಯ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಡಯಾಲಿಸಿಸ್ ಆಗಲೇಬೇಕು ಎಂದರು. ನಮ್ಮ ಮನೆ ಮೂಡಲಗಿಯಲ್ಲಿ, ಡಯಾಲಿಸಿಸ್ ಗೋಕಾಕದಲ್ಲಿ. ಮೊದಲ ಎರಡು ತಿಂಗಳು ಬಸ್ಸಿನಲ್ಲೇ ಓಡಾಡಿದೆವು. ಹೋಗುವಾಗ ಹೇಗೋ ಆಗುತ್ತಿತ್ತು. ಬರುವಾಗ ಅವಳ ಮೈಯಲ್ಲಿ ಜೀವವೇ ಇರುತ್ತಿರಲಿಲ್ಲ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನನ್ನ ಕೈಚೀಲವನ್ನು ತಲೆದಿಂಬು ಮಾಡಿಕೊಂಡು ಮಲಗಿರುತ್ತಿದ್ದಳು. ಒಂದು ಶುಕ್ರವಾರ ಬಸ್ಸಿನ ಮೆಟ್ಟಿಲು ಹತ್ತಲಾಗದೆ ಬಿದ್ದಳು. ಜನ ಎತ್ತಿ ಕೂರಿಸಿದರು. "ನನ್ನ ಇಲ್ಲೇ ಬಿಟ್ಟ ಹೋಗ್ರಿ, ಸಾಕಾತು" ಎಂದು ಎಲ್ಲರೆದುರು ಅತ್ತಳು. ಆ ದಿನವೇ ಕಾರು ಕೊಳ್ಳಬೇಕೆಂದು ನಿಶ್ಚಯಿಸಿದೆ. ಹೊಸದನ್ನು ಕೊಳ್ಳುವ ಶಕ್ತಿ ಇರಲಿಲ್ಲ.

ಹುಕ್ಕೇರಿಯಲ್ಲಿ ಹಳೇ ಗಾಡಿ ಮಾರುವ ಒಬ್ಬ ಏಜೆಂಟ ಇದ್ದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವವನು. ಅವನ ಹತ್ತಿರ ಒಂದು ಬಿಳಿ ಸಣ್ಣ ಕಾರಿತ್ತು, ನೋಡಲು ಹೊಸದರಂತಿತ್ತು, ಬೆಲೆ ಮಾತ್ರ ಹಳೆಯದಕ್ಕಿಂತ ಕಡಿಮೆ. ನಾನೂ ಕಡಿಮೆಯವನಲ್ಲ. ಬಾನೆಟ್ ಎತ್ತಿ ಬೋಲ್ಟುಗಳ ತಲೆ ನೋಡಿದೆ, ಬಾಗಿಲ ರಬ್ಬರ್ ಎಳೆದು ವೆಲ್ಡಿಂಗ್ ನೋಡಿದೆ. ಗಾಜುಗಳ ಮೂಲೆಯಲ್ಲಿ ತಯಾರಿಕೆಯ ಗುರುತು ಇರುತ್ತದಲ್ಲ, ಅದನ್ನೂ ಕನ್ನಡಕ ಏರಿಸಿ ಓದಿದೆ. ಹಿಂದಿನ ಎಡಬಾಗಿಲಿನ ಗಾಜಿನ ಗುರುತು ಉಳಿದ ಮೂರಕ್ಕಿಂತ ಎರಡು ವರ್ಷ ಈಚಿನದು. ಬಾಗಿಲ ಬಣ್ಣವೂ ಬಿಸಿಲಿಗೆ ಹಿಡಿದರೆ ಕೊಂಚ ಬೇರೆ. "ಬಾಜೂಕ ಜರಾ ಹೊಡದಿತ್ತ್ರಿ ಸರ, ಡೋರ್ ಪೂರಾ ಹೊಸಾದ ಹಾಕ್ಸೇವ್ರಿ. ಇಂಜನ್ ಮುಟ್ಟಿಲ್ರಿ" ಎಂದ ಏಜೆಂಟ. ಅವನ ಕಳ್ಳತನ ಹಿಡಿದೆನೆಂಬ ಹೆಮ್ಮೆಯಲ್ಲಿ ಇನ್ನಷ್ಟು ಇಳಿಸಿ ಕೇಳಿದೆ, ಅವನು ಒಪ್ಪಿದ.

ನಮ್ಮ ಕಡೆ ಅಪಘಾತವಾದ ಗಾಡಿ ಕೊಳ್ಳುವವರು ಇಂಜನ್ನಿಗಿಂತ ಮೊದಲು ಕೇಳುವ ಮಾತು ಬೇರೆಯೇ. ಹೆಂಡತಿಯ ತಮ್ಮ ಈರಣ್ಣ ಜೊತೆಗೆ ಬಂದಿದ್ದ. ಅವನು ಬಾಯಿ ತೆರೆದು "ಇದರಾಗ ಯಾರರ ಸತ್ತ..." ಎನ್ನುವಷ್ಟರಲ್ಲಿ ನಾನು ಅವನ ಮೊಣಕೈ ಹಿಡಿದು ಹಿಂಡಿದೆ. ಕಬ್ಬಿಣದ ಡಬ್ಬಿಗೆ ಇಂಥ ಪ್ರಶ್ನೆ ಕೇಳುವುದು ನನ್ನಂಥವನಿಗೆ ನಾಚಿಕೆಯ ವಿಷಯ. ಕೇಳಿದ್ದರೆ ಏಜೆಂಟ ನಿಜ ಹೇಳುತ್ತಿದ್ದನೋ ಇಲ್ಲವೋ, ಗೊತ್ತಿಲ್ಲ. ಆದರೆ ನಾವು ಕೇಳಲಿಲ್ಲ.

ಅದೇ ದಿನ ಮಧ್ಯಾಹ್ನ ಗಾಡಿ ತಂದೆವು. ಗೋಕಾಕ ದಾಟಿ ಮೂಡಲಗಿ ಕಡೆ ಬರುವಾಗ ಲೋಳಸೂರ ಸೇತುವೆ, ಕೆಳಗೆ ಘಟಪ್ರಭೆ. ನಾನು ಓಡಿಸುತ್ತಿದ್ದೆ, ಈರಣ್ಣ ಪಕ್ಕದಲ್ಲಿದ್ದ, ಹಿಂದೆ ಯಾರೂ ಇರಲಿಲ್ಲ. ಸೇತುವೆಯ ನಡುವೆ ಬಂದಾಗ ಹಿಂದಿನಿಂದ ಸರ್ರೆಂದು ಸದ್ದಾಯಿತು, ಗಾಳಿ ನುಗ್ಗಿತು. ತಿರುಗಿ ನೋಡಿದರೆ ಎಡಬಾಗಿಲಿನ ಗಾಜು ನಾಲ್ಕು ಬೆರಳಿನಷ್ಟು ಇಳಿದಿತ್ತು. "ಮಾಮಾ, ನೀವ ಒತ್ತಿದ್ರ್ಯಾ?" ಎಂದ ಈರಣ್ಣ. ಮೊಣಕೈ ತಾಗಿರಬೇಕು ಎಂದೆ. ಡ್ರೈವರ್ ಬಾಗಿಲ ಗುಂಡಿಯಿಂದ ಮೇಲೇರಿಸಿದೆ, ಏರಿತು. ಅಲ್ಲಿಗೆ ಮರೆತೆ.

ಮಂಗಳವಾರ ಮಹಾದೇವಿಯನ್ನು ಕರೆದುಕೊಂಡು ಹೊರಟೆ. ಕಾಲು ಚಾಚಿ ಒರಗಲಿಕ್ಕೆ ಅನುಕೂಲವೆಂದು ಅವಳು ಹಿಂದೆ, ಎಡಗಡೆ ಕೂತಳು. ಸೇತುವೆಯ ಮೇಲೆ ಬಂದೆವು, ಗಾಜು ಮತ್ತೆ ನಾಲ್ಕೇ ಬೆರಳು ಇಳಿಯಿತು. ಹೊಳೆ ದಾಟುವಾಗ ಗಂಗವ್ವಗೆ ಒಂದು ರೂಪಾಯಿ ಹಾಕಿ ಕೈಮುಗಿಯುವುದು ನಮ್ಮ ಹೆಣ್ಣುಮಕ್ಕಳ ರೂಢಿ, ಬಸ್ಸಿನಲ್ಲಿ ನೀವೂ ನೋಡಿರುತ್ತೀರಿ. ಮದುವೆಯಾದಾಗಿನಿಂದ ನಾನು ಅವಳನ್ನು ಅದಕ್ಕೇ ಕಾಡಿಸಿದ್ದೆ, ಮೀನಿಗೆ ಪಗಾರ ಕೊಡುತ್ತೀ ಏನು ಎಂದು. ಅವಳು ಸೆರಗಿನ ಗಂಟಿನಿಂದ ರೂಪಾಯಿ ತೆಗೆದು ಆ ಸಂದಿಯಿಂದ ಎಸೆದು ಕೈಮುಗಿದಳು. ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕಳು. "ನನ್ನ ಸಲುವಾಗಿ ಇಳಿಸಿದ್ರಿ ಅಲ್ಲಾ? ಇಷ್ಟ ವರ್ಷಕ್ಕ ಇದೊಂದರ ಕಲ್ತ್ರಿ ನೋಡ್ರಿ."

ಎಷ್ಟೋ ತಿಂಗಳ ಮೇಲೆ ಅವಳು ನಕ್ಕಿದ್ದಳು. ನಾನು "ಹೂಂ" ಎಂದೆ.

ಒಂದು ತಿಂಗಳು ಹೀಗೇ ನಡೆಯಿತು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಮಹಾದೇವಿ ಹಿಂದಿನ ರಾತ್ರಿಯೇ ಎರಡು ರೂಪಾಯಿ ಎತ್ತಿಡತೊಡಗಿದಳು. ಆಸ್ಪತ್ರೆಗೆ ಹೋಗುವ ದಿನ ಬೆಳಿಗ್ಗೆ ಮುಖ ಗೋಡೆಗೆ ಮಾಡಿ ಮಲಗುತ್ತಿದ್ದವಳು ಈಗ ತಾನೇ ಎದ್ದು ಸೀರೆ ಉಡುತ್ತಿದ್ದಳು. ನಾನು ಮಾತ್ರ ಕಾರಣ ಹುಡುಕುತ್ತಿದ್ದೆ. ಸೇತುವೆಯ ಜೋಡಣೆಯ ಮೇಲೆ ಚಕ್ರ ಧಡ್ ಎಂದಾಗ ಒಳಗಿನ ವಾಯರು ತಾಗುತ್ತಿರಬೇಕು ಎಂಬುದು ನನ್ನ ಸಿದ್ಧಾಂತ. ಒಬ್ಬನೇ ಹೋಗಿ ಅದಕ್ಕಿಂತ ಕೆಟ್ಟ ರಸ್ತೆಯಲ್ಲಿ, ಕೊಣ್ಣೂರ ಕಡೆ ಕಬ್ಬಿನ ಟ್ರ್ಯಾಕ್ಟರು ಓಡಾಡಿ ಕೆಟ್ಟುಹೋದ ದಾರಿಯಲ್ಲಿ, ಹಲ್ಲು ಕಟಕಟಿಸುವಂತೆ ಓಡಿಸಿ ನೋಡಿದೆ. ಗಾಜು ಅಲುಗಲಿಲ್ಲ. ಸೇತುವೆಗೆ ಬಂದೆ, ಇಳಿಯಿತು. ನಡೆಯುವಷ್ಟು ಮೆಲ್ಲಗೆ ಹೋದರೂ ಇಳಿಯಿತು.

ಗೋಕಾಕದಲ್ಲಿ ದಸ್ತಗೀರ ಎಂಬ ವಾಯರಿಂಗ್ ಮಿಸ್ತ್ರಿ ಇದ್ದಾನೆ. ಬಾಗಿಲ ಹೊದಿಕೆ ಬಿಚ್ಚಿ ಎಲ್ಲ ತಪಾಸಣೆ ಮಾಡಿದ. ಎಲ್ಲಿಯೂ ದೋಷವಿಲ್ಲ. ಹಾಗಾದರೆ ಮೋಟಾರಿನ ವಾಯರನ್ನೇ ತೆಗೆದುಬಿಡು ಎಂದೆ. ತೆಗೆದು, ತುದಿಗೆ ಕರಿ ಟೇಪು ಸುತ್ತಿ, ಹೊದಿಕೆ ಮುಚ್ಚಿದ. ಇನ್ನು ಗಾಜು ತಾನಾಗಿ ಜಾರುವುದಿಲ್ಲವೇ ಎಂದು ಕೇಳಿದೆ. "ಗೇರ್ ಹಿಡದಿರ್ತೇತ್ರಿ ಸರ. ಜೋತಬಿದ್ರೂ ಇಳಿಯೂದಿಲ್ಲ" ಎಂದ. ಇಬ್ಬರೂ ಒತ್ತಿ ನೋಡಿದೆವು, ಕೂದಲೆಳೆಯಷ್ಟೂ ಸರಿಯಲಿಲ್ಲ.

ಆ ಶುಕ್ರವಾರ ಸೇತುವೆಯ ಮೇಲೆ ಗಾಜು ಇಳಿಯಲಿಲ್ಲ. ನನಗೆ ಗೆದ್ದಷ್ಟು ಸಮಾಧಾನ. ಹಿಂದಿನಿಂದ ಮಹಾದೇವಿ, "ಇವತ್ತ ಮರತ್ರೇನ್ರಿ?" ಎಂದಳು. "ಮೋಟಾರ್ ಕೆಟ್ಟೈತಿ, ಸುಮ್ನ ಕುಂದರು" ಎಂದೆ. ಕಾರು ನಿಲ್ಲಿಸಿ ಬಾಗಿಲು ತೆಗೆದು ಎಸೆಯಬಹುದಿತ್ತು, ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ರೂಪಾಯಿ ಮುಷ್ಟಿಯಲ್ಲೇ ಹಿಡಿದುಕೊಂಡು ಆಸ್ಪತ್ರೆಯೊಳಗೆ ಹೋದಳು.

ಒಂದು ತಾಸಿನ ಮೇಲೆ ನರ್ಸ್ ಓಡಿಬಂದು ನನ್ನನ್ನು ಕರೆದಳು. ಮಷಿನಿನ ಮೇಲಿರುವಾಗಲೇ ಮಹಾದೇವಿಯ ಬಿ.ಪಿ. ಇಳಿದುಹೋಗಿತ್ತು. ಕಾಲ ಕಡೆಯಿಂದ ಮಂಚ ಎತ್ತಿದ್ದರು, ಮುಖ ಸುಣ್ಣದಂತೆ ಬಿಳುಚಿತ್ತು, ಕರೆದರೆ ಓಗೊಡುತ್ತಿರಲಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಹೀಗಾಗುವುದು ಅಪರೂಪವಲ್ಲ, ಡಾಕ್ಟರು ಮೊದಲೇ ಹೇಳಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಲ್ಲಿ ನಿಂತಾಗ ನನಗೆ ನೆನಪಾದದ್ದು ನಾನೇ ಆಡಿದ "ಸುಮ್ನ ಕುಂದರು" ಎಂಬ ಮಾತು. ಸಂಜೆಯ ಹೊತ್ತಿಗೆ ಚೇತರಿಸಿಕೊಂಡಳು, ಮನೆಗೆ ಹೋಗಲು ಬಿಟ್ಟರು.

ಹೊತ್ತು ಮುಳುಗುವುದರಲ್ಲಿತ್ತು. ಅವಳು ಹಿಂದೆ ಚಾದರ ಹೊದ್ದು ಕಣ್ಣು ಮುಚ್ಚಿದ್ದಳು. ಸೇತುವೆ ಬಂತು. ನಾನು ಕನ್ನಡಿಯಲ್ಲಿ ಅವಳ ಮುಖವನ್ನೇ ನೋಡುತ್ತಿದ್ದೆ. ಆಗ ಅದೇ ಸದ್ದು, ಮೋಟಾರು ತಿರುಗುವ ಸರ್ರೆಂಬ ಸದ್ದು, ಕಿವಿಗೆ ಚೆನ್ನಾಗಿ ಕೇಳಿಸಿತು. ಗಾಜು ನಾಲ್ಕು ಬೆರಳು ಇಳಿಯಿತು. ಅವಳ ಎರಡೂ ಕೈ ಚಾದರದ ಒಳಗಿದ್ದವು. ಹೊಳೆಯ ಗಾಳಿ ತಾಗಿ ಎಚ್ಚರಾದಳು. ರೂಪಾಯಿ ತೆಗೆದು ಎಸೆದು ಕೈಮುಗಿದು ಮತ್ತೆ ಕಣ್ಣು ಮುಚ್ಚಿದಳು. ನಾನು ಸೇತುವೆ ದಾಟಿದೊಡನೆ ಬದಿಗೆ ನಿಲ್ಲಿಸಿದೆ. ಗುಂಡಿ ಒತ್ತಿದೆ, ಗಾಜು ಏರಲಿಲ್ಲ. ಹೇಗೆ ಏರೀತು? ವಾಯರೇ ಇರಲಿಲ್ಲ. ಸಂದಿಗೆ ಟವಲು ತುರುಕಿ ಮನೆಗೆ ಬಂದೆ.

ಮರುದಿನ ದಸ್ತಗೀರ ನನ್ನೆದುರೇ ಹೊದಿಕೆ ಬಿಚ್ಚಿದ. ವಾಯರು ಅವನು ಬಿಟ್ಟಲ್ಲೇ ಜೋತಾಡುತ್ತಿತ್ತು, ಟೇಪು ಸುತ್ತಿದ್ದು ಸುತ್ತಿದಂತೆಯೇ ಇತ್ತು. "ಸರ, ಜೋಡಿಸಿ ಕೊಡ್ತೇನ್ರಿ. ತಗ್ಯಾಕ ಮಾತ್ರ ಇನ್ನೊಮ್ಮಿ ನನಗ ಹೇಳಬ್ಯಾಡ್ರಿ" ಎಂದ. ಹಣ ಕೊಡಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡ.

ಗಾಡಿಯ ಕಾಗದದಲ್ಲಿ ಹಿಂದಿನ ಮಾಲಕರ ಹೆಸರಿತ್ತು, ಊರು ಕಣಗಲಾ. ಕಾರನ್ನು ದಸ್ತಗೀರನಲ್ಲಿ ಬಿಟ್ಟು ಅದೇ ದಿನ ಬಸ್ಸಿಗೆ ಒಬ್ಬನೇ ಹೋದೆ. ಹೆದ್ದಾರಿಯಲ್ಲಿ ಇಳಿದು ಒಳಗೆ ನಡೆದು ಕೇಳಿದರೆ ಮನೆ ತೋರಿಸಿದರು. ಬೀರಪ್ಪ ಎಂದು ಅವರ ಹೆಸರು. ಕುರಿ ಕಾಯುವ ಮನೆತನ, ಅವರು ಕುರಿ ವ್ಯಾಪಾರ ಮಾಡಿ ನಾಲ್ಕು ಕಾಸು ಕಂಡವರು, ನನಗಿಂತ ಹತ್ತು ವರ್ಷ ಚಿಕ್ಕವರಿರಬೇಕು. ಹಟ್ಟಿಯ ಮುಂದೆ ಕಂಬಳಿ ಹಾಸಿ ಕೂರಿಸಿ ಚಹಾ ಕೊಟ್ಟರು. ಹೇಗೆ ಸುರುಮಾಡಬೇಕೆಂದು ತಿಳಿಯದೆ, ಗಾಡಿಗೆ ಏನಾಗಿತ್ತು ಎಂದಷ್ಟೇ ಕೇಳಿದೆ.

ಮೂಡಲಗಿ ಆಚೆ ಬೀಗರ ಮನೆಯ ಕಾರ್ಯಕ್ಕೆ ಹೊರಟಿದ್ದರಂತೆ. ಹೆಂಡತಿ ಲಕ್ಕವ್ವ ಹಿಂದೆ ಎಡಗಡೆ ಕೂತಿದ್ದರು. ಲೋಳಸೂರ ಸೇತುವೆಯ ಮೇಲೆ ಗಂಗವ್ವಗೆ ರೂಪಾಯಿ ಹಾಕುತ್ತೇನೆ, ಗಾಜು ಇಳಿಸಿರಿ ಎಂದರು. ಮುಂದೊಂದು ಕಬ್ಬಿನ ಟ್ರ್ಯಾಕ್ಟರು ಧೂಳೆಬ್ಬಿಸುತ್ತಿತ್ತು, ಮೊದಲೇ ತಡವಾಗಿತ್ತು. ಬೀರಪ್ಪನವರು ತಮ್ಮ ಕಡೆಯಿಂದ ಗಾಜುಗಳನ್ನು ಲಾಕ್ ಮಾಡಿ ಇಟ್ಟಿದ್ದರು. ಇಳಿಸಲಿಲ್ಲ. ಸೇತುವೆ ದಾಟಿ ಸ್ವಲ್ಪ ದೂರ ಹೋಗಿದ್ದರು. ಹೊಲದ ದಾರಿಯಿಂದ ಇನ್ನೊಂದು ಟ್ರ್ಯಾಕ್ಟರು ಎರಡು ಟ್ರೇಲರ್ ಎಳೆದುಕೊಂಡು ರಸ್ತೆಗೆ ಬಂತು, ಹಿಂದಿನ ಟ್ರೇಲರ್ ಎಡಬಾಗಿಲಿಗೆ ಬಡಿಯಿತು. ಬೀರಪ್ಪನವರ ಮೈಗೆ ಒಂದು ತರಚು ಗಾಯವೂ ಆಗಲಿಲ್ಲ.

"ದವಾಖಾನ್ಯಾಗ ಕೈ ಬಿಡಿಸಿದ್ವಿ ಸರ" ಎಂದರು. "ಮುಷ್ಟ್ಯಾಗ ರೂಪಾಯಿ ಹಂಗ ಇತ್ತು. ನಾ ಏನ ಅಂದಿದ್ನಿ ಗೊತ್ತೈತೇನ್ರಿ? ಕೊನೀ ಮಾತು. ಸುಮ್ನ ಕುಂದರು, ಅಂದಿದ್ನಿ."

ಆ ಮಾತು ಈ ಸೀಮೆಯಲ್ಲಿ ದಿನಕ್ಕೆ ಸಾವಿರ ಗಂಡಂದಿರು ಆಡುತ್ತಾರೆ, ಅದರಲ್ಲೇನೂ ವಿಶೇಷವಿಲ್ಲ ಎಂದು ಈಗ ಹೇಳಬಲ್ಲೆ. ಆಗ ಹೇಳುವ ಸ್ಥಿತಿಯಲ್ಲಿರಲಿಲ್ಲ. ಇದ್ದದ್ದನ್ನೆಲ್ಲ ಅವರಿಗೆ ಹೇಳಿಬಿಟ್ಟೆ. ಅವರು ನಗಲಿಲ್ಲ, ಹೆದರಲೂ ಇಲ್ಲ. ಒಳಗೆ ಹೋಗಿ ದೇವರ ಜಗಲಿಯಿಂದ ಭಂಡಾರದ ಅರಿಶಿನ ಮೆತ್ತಿದ ಒಂದು ಸಣ್ಣ ಬಟ್ಟೆಯ ಗಂಟು ತಂದು ತೋರಿಸಿದರು. ಒಳಗೆ ಆ ರೂಪಾಯಿ ಇತ್ತು. ತಮ್ಮನ್ನು ಒಮ್ಮೆ ಆ ಗಾಡಿಯಲ್ಲಿ ಸೇತುವೆಯ ಮೇಲೆ ಕರೆದೊಯ್ಯಬೇಕೆಂದು ಕೈ ಹಿಡಿದುಕೊಂಡು ಕೇಳಿದರು. ಆಕೆ ಅಲ್ಲಿರುವುದು ನಿಜವಾದರೆ ಬೇರೆ ಒಳ್ಳೆಯ ಗಾಡಿ ಕೊಡಿಸುತ್ತೇನೆ, ಇದನ್ನು ನನಗೆ ತಿರುಗಿ ಕೊಡಿ ಎಂದರು. ನನಗೆ ಬೇಕಾದದ್ದು ಹೆಂಡತಿಯನ್ನು ಆಸ್ಪತ್ರೆಗೆ ಮುಟ್ಟಿಸುವ ಒಂದು ಗಾಡಿ, ಯಾವುದಾದರೇನು? ಒಪ್ಪಿಕೊಂಡೆ. ಒಪ್ಪಿಕೊಂಡಾಗ ಹಗುರವೂ ಅನಿಸಿತು.

ಮರುದಿನ ಭಾನುವಾರ ಬಸ್ಸಿಗೆ ಗೋಕಾಕಕ್ಕೆ ಬಂದರು. ಬಿಳಿ ಧೋತರ, ಹಳದಿ ರುಮಾಲು, ಹೊಸದಾಗಿ ಕ್ಷೌರ ಮಾಡಿಸಿಕೊಂಡಿದ್ದರು. ಎಡಬಾಗಿಲ ಮೇಲೆ ಅಂಗೈ ಇಟ್ಟು, "ಇದು ಆ ಬಾಗಲ ಅಲ್ರಿ. ಅದು ಗುಜರಿಗೆ ಹೋತು" ಎಂದರು. ಅದು ನನಗೂ ಗೊತ್ತಿತ್ತು. ಆಕೆ ಒರಗಿದ್ದ ಬಾಗಿಲೂ ಇಲ್ಲ, ಆಕೆ ಇಳಿಸಬೇಕೆಂದ ಗಾಜೂ ಇಲ್ಲ. ಇಳಿಯುತ್ತಿದ್ದುದು ಆಕೆಯನ್ನು ಕಾಣದ ಗಾಜು.

ಹಿಂದೆ ಎಡಗಡೆ ಕೂತರು. ಗಂಟು ಬಿಚ್ಚಿ ರೂಪಾಯಿಯನ್ನು ಕೈಯಲ್ಲಿ ಹಿಡಿದರು. ಸೇತುವೆಯ ಮೇಲೆ ನಡಿಗೆಯ ವೇಗದಲ್ಲಿ ಹೋದೆ. ಹಿಂದಿನ ಲಾರಿಗಳು ಹಾರ್ನ್ ಹೊಡೆದು ಬೈದು ಮುಂದೆ ಹೋದವು. ಆಚೆ ದಡ ಬಂತು, ಗಾಜು ಇಳಿಯಲಿಲ್ಲ. ತಿರುಗಿಸಿಕೊಂಡು ಬಂದೆ, ಇಳಿಯಲಿಲ್ಲ. ಹೀಗೆ ಐದು ಸಲ. ಕನ್ನಡಿಯಲ್ಲಿ ನೋಡಿದರೆ ಅವರು ಗಾಜಿನ ಅಂಚಿನ ಮೇಲೆ ಕಣ್ಣು ನೆಟ್ಟು ಕೂತಿದ್ದರು, ತುಟಿ ಅಲುಗುತ್ತಿತ್ತು. ಆರನೆಯ ಸಲ ತಡೆಯಲಾಗದೆ, ನಾನೇ ಗುಂಡಿ ಒತ್ತಿ ಇಳಿಸುತ್ತೇನೆ, ಹಾಕಿಬಿಡಿ ಎಂದೆ.

"ಬ್ಯಾಡ್ರಿ. ನಾ ಅವತ್ತ ಇಳಿಸಲಿಲ್ಲ. ಇವತ್ತ ಆಕೀನ ಇಳಿಸಬೇಕ್ರಿ."

ಆಕೆ ಇಳಿಸಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ರೂಪಾಯಿಯನ್ನು ಮತ್ತೆ ಗಂಟು ಕಟ್ಟಿಕೊಂಡು, ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. "ಇನ್ನೂ ಸಿಟ್ಟೈತ್ರಿ ಆಕಿಗೆ" ಎಂದರು. ಎಂದಾದರೂ ಗಾಜು ಇಳಿದರೆ ಫೋನ್ ಮಾಡಿ, ಮಧ್ಯರಾತ್ರಿಯಾದರೂ ಬರುತ್ತೇನೆ ಎಂದರು. ನಾನು ಮಾತು ಕೊಟ್ಟೆ. ಎಲ್ಲ ಮುಗಿಯಿತು, ಏನೋ ಒಂದು ದೋಷವಿತ್ತು, ದಸ್ತಗೀರ ವಾಯರು ಮತ್ತೆ ಜೋಡಿಸಿದಾಗ ಸರಿಹೋಯಿತು ಎಂದುಕೊಂಡು ಮನೆಗೆ ಬಂದೆ.

ಮಂಗಳವಾರ ಮಹಾದೇವಿ ಅದೇ ಜಾಗದಲ್ಲಿ ಕೂತಳು. ಸೇತುವೆಯ ನಡುವಿಗೂ ಬಂದಿರಲಿಲ್ಲ, ಗಾಜು ಇಳಿಯಿತು.

ಆ ದಿನ ಅವಳಿಗೆ ಎಲ್ಲ ಹೇಳಿದೆ, ನಾನು ಮೊದಲ ದಿನ "ಹೂಂ" ಎಂದದ್ದು ಸುಳ್ಳೆಂಬುದನ್ನೂ ಸೇರಿಸಿ. ಅವಳಿಗೆ ಸಿಟ್ಟು ಬರಬಹುದು, ಅಂಜಿಕೆ ಆಗಬಹುದು ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ. "ಅವರಿಗೆ ಹೇಳಬ್ಯಾಡ್ರಿ. ಹೇಳಿದ್ರ ಗಾಡಿ ಒಯ್ತಾರ. ಆಕಿ ಬಾಜೂಕ ಕುಂತಿರತಾಳ ಅಂತ ನನಗ ಯಾವಾಗೋ ಗೊತ್ತಿತ್ರಿ. ಆಕಿ ಇರೂತನಕ ನಾ ಇರ್ತೇನಿ." ಮೂವತ್ತು ವರ್ಷದಲ್ಲಿ ಒಂದು ಸೀರೆಗೂ ಬಾಯಿಬಿಟ್ಟು ಕೇಳಿದವಳಲ್ಲ ಅವಳು.

ನಾನು ಅದನ್ನು ನಂಬುತ್ತೇನೆಯೇ? ಇಲ್ಲ. ಬಿ.ಪಿ.ಗೂ ಗಾಜಿಗೂ ಸಂಬಂಧವಿಲ್ಲ ಎಂದು ಕಪ್ಪುಹಲಗೆಯ ಮೇಲೆ ಬರೆದು ತೋರಿಸಬಲ್ಲೆ. ಆ ಕಾರನ್ನು ಒಂದೇ ವಾರ ಮನೆಯಲ್ಲಿ ನಿಲ್ಲಿಸಿ, ಅವಳನ್ನು ಬೇರೆ ಗಾಡಿಯಲ್ಲಿ ಕರೆದೊಯ್ದರೆ ಉತ್ತರ ಸಿಗುತ್ತದೆ. ನಾಲ್ಕು ವರ್ಷದಲ್ಲಿ ನನಗೆ ಆ ಧೈರ್ಯ ಬಂದಿಲ್ಲ. ಮಹಾದೇವಿ ಇದ್ದಾಳೆ. ಅವಳ ಜೊತೆಗೆ ಮಷಿನು ಹತ್ತಿದವರಲ್ಲಿ ಕೆಲವರು ಈಗ ಇಲ್ಲ.

ಗಾಜು ಹೇಗೆ ಇಳಿಯುತ್ತದೆ ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಅದಕ್ಕಿಂತ ಹೆಚ್ಚಾಗಿ, ಗುರುತಿಲ್ಲದ ಹೆಂಗಸಿಗೆ ಇಳಿಯುವುದು ಸ್ವಂತ ಗಂಡನಿಗೆ ಯಾಕೆ ಇಳಿಯಲಿಲ್ಲ ಎಂಬುದು ತಿಳಿದಿಲ್ಲ. ಅದು ಸಿಟ್ಟೋ, ಬೇರೇನೋ. ನಾನು ನಿಜ ಹೇಳಿದರೆ ಬೀರಪ್ಪನವರಿಗೆ ನೆಮ್ಮದಿಯಾಗುತ್ತದೋ ಇದ್ದ ನೋವು ಇಮ್ಮಡಿಯಾಗುತ್ತದೋ, ಅದನ್ನೂ ಎಷ್ಟೋ ಸಲ ಯೋಚಿಸಿದ್ದೇನೆ. ಹಾಗೆ ಯೋಚಿಸುವುದು ಹೇಳದೇ ಇರಲಿಕ್ಕೆ ನಾನು ಹುಡುಕಿಕೊಂಡ ನೆಪ ಎಂಬುದು ನನಗೆ ಗೊತ್ತಿದೆ.

ಪ್ರತಿ ಅಮಾವಾಸ್ಯೆಯ ಸಂಜೆ ಅವರ ಫೋನ್ ಬರುತ್ತದೆ. ಮಹಾದೇವಿ ಮಾಡುತ್ತಿದ್ದ ಕೆಲಸ ಬಿಟ್ಟು ನನ್ನ ಮುಖ ನೋಡುತ್ತಾ ನಿಲ್ಲುತ್ತಾಳೆ.

"ಸರ, ಏನರ ಇಳೀತೇನ್ರಿ?"

"ಇಲ್ರಿ ಬೀರಪ್ಪಾ, ಇಳಿದಿಲ್ಲ" ಎನ್ನುತ್ತೇನೆ.

ಆಮೇಲೆ ಅವರು ಒಂದು ಸಲವೂ ತಪ್ಪದೆ ಕೇಳುತ್ತಾರೆ, "ಇರ್ಲಿ ಬಿಡ್ರಿ. ಅಕ್ಕಾರು ಆರಾಮದಾರಲ್ರಿ?"

ಆರಾಮಿದ್ದಾಳೆ ಎಂದು ಹೇಳಿ ಫೋನ್ ಇಡುತ್ತೇನೆ.